ಆಳಮಾಪಕದ ಟ್ರಾನ್ಸ್‌ಡ್ಯೂಸರ್ ಎಲ್ಲಿ ಕೂರಬೇಕು: ಕಾರವಾರದಲ್ಲಿ ಹಲವು ಹಂಗಾಮು ಬಳಸಿದ ಮೇಲೆ

ಕಾಳಿ ನದಿಯ ಅಳಿವೆಯಲ್ಲಿ ಮಳೆಗಾಲ ಕಳೆದ ಮೇಲೆ ಮರಳು ದಿಬ್ಬಗಳು ಜಾಗ ಬದಲಿಸುವುದುಂಟು; ಹಿಂದಿನ ವರ್ಷದ ದಾರಿಯನ್ನೇ ನಂಬಿ ದೋಣಿ ನಡೆಸುವುದು ಕ್ಷೇಮವಲ್ಲ. ಆ ಕಾರಣಕ್ಕೆ ನಮ್ಮ ಔಟ್‌ಬೋರ್ಡ್ ಎಂಜಿನ್ನಿನ ಫೈಬರ್ ದೋಣಿಗೆ ಹಾಕಿಸಿದ ಆಳಮಾಪಕವನ್ನು ಕೋಡಿಬಾಗದಿಂದ ಕೂರ್ಮಗಡದವರೆಗಿನ ನೀರಿನಲ್ಲಿ ಹಲವು ಹಂಗಾಮು ಬಳಸಿದ್ದೇನೆ. ಪರದೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬಿಸಿಲಿನಲ್ಲೂ ಅಂಕಿ ಸ್ಪಷ್ಟವಾಗಿ ಕಾಣುತ್ತದೆ. ಕೊಟ್ಟ ಹಣಕ್ಕೆ ಬೆಲೆ ಬರುವುದು ಟ್ರಾನ್ಸ್‌ಡ್ಯೂಸರ್, ಅಂದರೆ ನೀರಿಗೆ ಶಬ್ದದ ಅಲೆ ಕಳಿಸಿ ಅದರ ಪ್ರತಿಧ್ವನಿ ಹಿಡಿಯುವ ಭಾಗ, ಕೂತ ಜಾಗದಿಂದ.

ಶಬ್ದವು ಸಮುದ್ರದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ. 15 ಮೀಟರ್, ಅಂದರೆ ಸುಮಾರು ಎಂಟು ಮಾರು ಆಳದಿಂದ ಪ್ರತಿಧ್ವನಿ ಮರಳಲು ಸೆಕೆಂಡಿನ ಐವತ್ತನೇ ಒಂದು ಭಾಗ ಸಾಕು. ನಡುವೆ ಗಾಳಿಗುಳ್ಳೆಗಳು ಬಂದರೆ ಅಲೆ ಅಲ್ಲಿಯೇ ಚದುರಿಹೋಗಿ ಅಂಕಿ ಮಾಯವಾಗುತ್ತದೆ. ಹಾಗಾಗಿ ದೋಣಿ ವೇಗವಾಗಿ ಓಡುವಾಗಲೂ ನೊರೆಯಿಲ್ಲದ ನೀರು ಎಲ್ಲಿ ಹರಿಯುತ್ತದೆ ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ರಂಧ್ರ ಕೊರೆಯುವ ಮೊದಲು ನಾವು ಟ್ರಾನ್ಸ್‌ಡ್ಯೂಸರನ್ನು ಒಂದು ಹಲಗೆಗೆ ಬಿಗಿದು, ಹಲಗೆಯನ್ನು ಕ್ಲಾಂಪಿನಿಂದ ದೋಣಿಯ ಹಿಂಬದಿಗೆ ಕಚ್ಚಿಸಿ, ಎರಡೂ ಮಗ್ಗುಲಲ್ಲಿ ಬೇರೆ ಬೇರೆ ವೇಗದಲ್ಲಿ ಓಡಿಸಿ ನೋಡಿದೆವು. ಎಡಗಡೆ ವೇಗ ಹೆಚ್ಚುತ್ತಿದ್ದಂತೆ ಅಂಕಿ ತಪ್ಪುತ್ತಿತ್ತು, ಬಲಗಡೆ ನಿಂತಿತು. ಹಿಂದಿನಿಂದ ನೋಡಿದಾಗ ಬಲಕ್ಕೆ ಸುತ್ತುವ ಪ್ರೊಪೆಲ್ಲರಿನ ರೆಕ್ಕೆಗಳು ಬಲಗಡೆ ಕೆಳಕ್ಕೆ ಇಳಿಯುವುದರಿಂದ ಆ ಮಗ್ಗುಲಲ್ಲಿ ಕಲಕುವಿಕೆ ಕಡಿಮೆ. ಪ್ರೊಪೆಲ್ಲರಿನಿಂದ ಕನಿಷ್ಠ 38 ಸೆಂಟಿಮೀಟರ್ ದೂರದಲ್ಲಿ, ತಳದ ಏಣುಗಳ ನೇರಕ್ಕೆ ಬಾರದಂತೆ, ದೋಣಿಯ ತಳಕ್ಕಿಂತ ತುಸುವೇ ಕೆಳಗೆ ಅದನ್ನು ಕೂರಿಸಿದ್ದೇವೆ.

ದಿನವೂ ಮರಳಿನ ಮೇಲೆ ಎಳೆಯುವ ದೋಣಿಗೆ ನಾನು ಈ ಜಾಗವನ್ನು ಸೂಚಿಸುವುದಿಲ್ಲ. ಅಂಥವರು ತಳದ ಒಳಗೆ, ಒಂದೂ ಗುಳ್ಳೆ ಉಳಿಯದಂತೆ ಎಪಾಕ್ಸಿಯಲ್ಲಿ ಅಂಟಿಸುವುದು ಲೇಸು. ಆ ಭಾಗ ಗಟ್ಟಿ ಫೈಬರ್ ಆಗಿರಬೇಕು, ನಡುವೆ ಫೋಮ್ ಅಥವಾ ಪ್ಲೈವುಡ್ ಇದ್ದರೆ ಅಲೆ ದಾಟದು. ಒಳಗಿನಿಂದ ಸಂಕೇತ ಸ್ವಲ್ಪ ಕುಗ್ಗುತ್ತದೆ, ನೀರಿನ ಉಷ್ಣಾಂಶವೂ ಸರಿಯಾಗಿ ಸಿಗದು. ಮರದ ದೋಣಿಯ ತಳ ಕೊರೆದು ಕೂರಿಸುವುದಾದರೆ ಕಂಚಿನದೇ ಬೇಕು, ಏಕೆಂದರೆ ನೀರು ಕುಡಿದು ಉಬ್ಬುವ ಮರ ಪ್ಲಾಸ್ಟಿಕ್ಕನ್ನು ಒಡೆಯಬಲ್ಲದು.

ಜಾಗದಷ್ಟೇ ಮುಖ್ಯವಾದ ಇನ್ನೊಂದು ಹೊಂದಾಣಿಕೆಯಿದೆ. ಉಪಕರಣ ಅಳೆಯುವುದು ತನ್ನ ಮುಖದಿಂದ ಕೆಳಗಿನ ಆಳವನ್ನು. ಎಂಜಿನ್ನಿನ ಕಾಲು, ಅಂದರೆ ನೀರಿಗಿಳಿಯುವ ಕೆಳಭಾಗ, ಅದಕ್ಕಿಂತ 40 ಸೆಂಟಿಮೀಟರ್ ಕೆಳಗಿದ್ದರೆ ಅಷ್ಟನ್ನು ಕಳೆಯುವಂತೆ ಸೆಟ್ಟಿಂಗ್‌ನಲ್ಲಿ ತುಂಬಿಸಲೇಬೇಕು. ಇಳಿತದ ಹೊತ್ತಿಗೆ ಅಳಿವೆ ದಾಟುವವರಿಗೆ ಈ ಅಂತರ ಸಣ್ಣದಲ್ಲ. ಅಲ್ಲದೆ ಅದು ತೋರಿಸುವುದು ಕೆಳಗಿನ ನೆಲವನ್ನು, ಮುಂದಿನ ದಿಬ್ಬವನ್ನಲ್ಲ.

ನೀರಿನಲ್ಲೇ ನಿಲ್ಲುವ ದೋಣಿಯಾದ್ದರಿಂದ ಮುಖದ ಮೇಲೆ ಪಾಚಿ, ಚಿಪ್ಪುಗಳು ಅಂಟುತ್ತವೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಅದನ್ನು ಮೆತ್ತಗೆ ಉಜ್ಜಿ ತೆಗೆದು, ಟ್ರಾನ್ಸ್‌ಡ್ಯೂಸರಿಗೆಂದೇ ಬರುವ ನೀರು ಆಧಾರಿತ ಬಣ್ಣವನ್ನು ತೆಳುವಾಗಿ ಹಚ್ಚುತ್ತೇವೆ. ದೋಣಿಯ ತಳದ ಸಾಮಾನ್ಯ ಬಣ್ಣದಲ್ಲಿರುವ ದ್ರಾವಕ ಪ್ಲಾಸ್ಟಿಕ್ ಮುಖವನ್ನು ಹಾಳುಮಾಡಬಹುದು.