ಹೊಂಗೆ ಎಣ್ಣೆಗೆ ಯಾವ ಬ್ಯಾಕ್ಟೀರಿಯಾ? ಈ. ಕೋಲೈಯೋ, ಕ್ಯುಪ್ರಿಯಾವಿಡಸ್ಸೋ?

ಬ್ಯಾಕ್ಟೀರಿಯಾಕ್ಕೆ ಎಣ್ಣೆ ತಿನ್ನಿಸಿ ಪ್ಲಾಸ್ಟಿಕ್ ಮಾಡಿಸಬೇಕು ಅಂದರೆ ಹಲವರು ಮೊದಲು ಕೈ ಹಾಕುವುದು ಈ. ಕೋಲೈಗೆ. ಮಾನಸಗಂಗೋತ್ರಿಯ ಲ್ಯಾಬಿನಲ್ಲಿ ನಾನೂ ಅದರಿಂದಲೇ ಶುರು ಮಾಡಿದೆ. ಆಮೇಲೆ ಅದೇ ಹೊಂಗೆ ಎಣ್ಣೆಯನ್ನು ಕ್ಯುಪ್ರಿಯಾವಿಡಸ್ ನೆಕೇಟರ್‌ಗೂ ಕೊಟ್ಟು ನೋಡಿದೆ. ಎರಡೂ ಜೀನ್ ಬದಲಾಯಿಸಿದ ತಳಿಗಳೇ.

ಈ. ಕೋಲೈ ಜೊತೆ ಕೆಲಸ ಸಲೀಸು. 37 ಡಿಗ್ರಿಯಲ್ಲಿ ರಾತ್ರಿ ಇಟ್ಟರೆ ಬೆಳಗ್ಗೆ ಚೆನ್ನಾಗಿ ಬೆಳೆದಿರುತ್ತದೆ. ಜೀನ್ ಸೇರಿಸುವುದು, ತೆಗೆಯುವುದು ಎಲ್ಲ ಬೇಗ. ಆದರೆ ಎಣ್ಣೆ ಒಡೆಯುವ ಲೈಪೇಸ್ ಕಿಣ್ವವನ್ನು ಅದು ಹೊರಗೆ ಬಿಡುವುದಿಲ್ಲ. ಹಾಗಾಗಿ ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿ ಕಾಯಿಸಿ, ಸೋಪು ಮಾಡಿ, ಆಸಿಡ್ ಹಾಕಿ, ಕೊಬ್ಬಿನ ಆಮ್ಲವನ್ನು ನಾವೇ ಬೇರೆ ಮಾಡಿ ಕೊಡಬೇಕು. ಸಾಲದ್ದಕ್ಕೆ ನೊರೆ. ಶೇಕರ್ ಮೇಲಿಟ್ಟರೆ ನೊರೆ ಉಕ್ಕಿ ಫ್ಲಾಸ್ಕಿನ ಹತ್ತಿ ಬಿರಡೆ ತೊಯ್ದು ಹೋಗುತ್ತದೆ. ತೊಯ್ದ ಹತ್ತಿಯಲ್ಲಿ ಗಾಳಿ ಆಡುವುದಿಲ್ಲ, ಹೊರಗಿನ ಸೂಕ್ಷ್ಮಜೀವಿಗಳೂ ಒಳಗೆ ಸೇರಿಕೊಳ್ಳುತ್ತವೆ.

ಕ್ಯುಪ್ರಿಯಾವಿಡಸ್ ನಿಧಾನಿ. ಅದಕ್ಕೆ 30 ಡಿಗ್ರಿ ಸಾಕು, ಆದರೆ ಜೀನ್ ಬದಲಾಯಿಸೋಕೆ ತುಂಬಾ ತಾಳ್ಮೆ ಬೇಕು. ಎಣ್ಣೆ ವಿಷಯದಲ್ಲಿ ಮಾತ್ರ ಅದರ ಸಮಕ್ಕೆ ಈ. ಕೋಲೈ ಬರೋದೇ ಇಲ್ಲ. ಗಾಣದಿಂದ ತಂದ ಎಣ್ಣೆಯನ್ನು ಹಾಗೇ ಸುರಿಯಬಹುದು. ಮೊದಲು ಹಳದಿ ಎಣ್ಣೆ ಮೇಲೆ ತೇಲುತ್ತಿರುತ್ತದೆ. ಬ್ಯಾಕ್ಟೀರಿಯಾ ತನ್ನ ಲೈಪೇಸ್ ಬಿಟ್ಟ ಮೇಲೆ ಹನಿಗಳು ಸಣ್ಣಗಾಗುತ್ತಾ ಹೋಗಿ, ಇಡೀ ದ್ರವ ಹಾಲಿನಂತೆ ಬೆಳ್ಳಗಾಗುತ್ತದೆ. ಇದನ್ನು ನೋಡೋದೇ ನನಗೆ ಖುಷಿ!

ಸಾರಜನಕ ಕಡಿಮೆ ಮಾಡಿದರೆ ಅದು ಪ್ಲಾಸ್ಟಿಕ್ಕನ್ನು ಕಾಳುಕಾಳಾಗಿ ಒಳಗೆ ಕೂಡಿಡುತ್ತದೆ. ಒಣ ತೂಕದಲ್ಲಿ ಶೇ. 80ರವರೆಗೂ ಪ್ಲಾಸ್ಟಿಕ್ ತುಂಬಿಕೊಳ್ಳುವ ಶಕ್ತಿ ಈ ಜಾತಿಗಿದೆ. ಮೂಲ ತಳಿ ಮಾಡುವ ಪಿಎಚ್‌ಬಿ ಅನ್ನೋ ಪ್ಲಾಸ್ಟಿಕ್ ಬಗ್ಗಿಸಿದರೆ ಮುರಿಯುತ್ತದೆ. ಪ್ಲಾಸ್ಟಿಕ್ ಹೆಣೆಯುವ ಕಿಣ್ವದ ಜೀನ್ ಬದಲಾಯಿಸಿದ ತಳಿಯದ್ದು ಮೆತ್ತಗೆ ಬಾಗುತ್ತದೆ. ಕ್ಲೋರೋಫಾರ್ಮಿನಲ್ಲಿ ಕರಗಿಸಿ ಗಾಜಿನ ಮೇಲೆ ಸುರಿದು ಒಣಗಿಸಿದರೆ ತೆಳು ಹಾಳೆಯಾಗಿ ಎದ್ದು ಬರುತ್ತದೆ. ಅದಕ್ಕೂ ಮೊದಲು ಹೆಕ್ಸೇನ್‌ನಲ್ಲಿ ತೊಳೆಯಲೇಬೇಕು. ಇಲ್ಲದಿದ್ದರೆ ಉಳಿದ ಎಣ್ಣೆ ಹಾಳೆಗೆ ಅಂಟಿಕೊಂಡು ಜಿಡ್ಡಾಗುತ್ತದೆ.

ಹರಳೆಣ್ಣೆ ಆದರೆ ನನ್ನ ಆಯ್ಕೆ ಬೇರೆ. ಅದರಲ್ಲಿ ಸುಮಾರು ಶೇ. 90 ರಿಸಿನೋಲಿಯಿಕ್ ಆಮ್ಲ ಅನ್ನೋ ಕೊಬ್ಬಿನ ಆಮ್ಲ. ಈ. ಕೋಲೈಗೆ ಸರಿಯಾದ ಕಿಣ್ವಗಳ ಜೀನ್ ಸೇರಿಸಿದರೆ ಅದರ 18 ಕಾರ್ಬನ್ ಸರಪಳಿಯನ್ನು 11 ಮತ್ತು 7 ಅಂತ ಕರಾರುವಾಕ್ಕಾಗಿ ಎರಡು ತುಂಡು ಮಾಡುತ್ತದೆ. ಇಂಥ ತುಂಡುಗಳು ಪ್ಲಾಸ್ಟಿಕ್‌ಗೆ ಕಚ್ಚಾವಸ್ತು. ಕಾರ್ಖಾನೆಗಳು ಹರಳೆಣ್ಣೆಯಿಂದ ಸೆಬಾಸಿಕ್ ಆಮ್ಲ (ನೈಲಾನ್ ಮಾಡಲು ಬಳಸುವ ಇಂಥದೇ ಇನ್ನೊಂದು ತುಂಡು) ತೆಗೆಯೋದು ಕಾಸ್ಟಿಕ್ ಹಾಕಿ 250 ಡಿಗ್ರಿ ಆಸುಪಾಸು ಕಾಯಿಸಿ. ಈ. ಕೋಲೈಗೆ ಮೈ ಬೆಚ್ಚಗಿದ್ದರೆ ಸಾಕು.

ಮಂಡ್ಯ ಕಡೆ ಹೊಲದ ಬದುಗಳಲ್ಲಿ ಹೊಂಗೆಗೇನು ಬರ? ಅಡುಗೆಗೆ ಬಾರದ ಎಣ್ಣೆ, ಊಟದ ತಟ್ಟೆಗೆ ಪೈಪೋಟಿ ಇಲ್ಲ. ಆ ಎಣ್ಣೆ ನಂಬಿ ಕೆಲಸ ಶುರು ಮಾಡುವವರು ಕ್ಯುಪ್ರಿಯಾವಿಡಸ್ಸನ್ನೇ ತಗೊಳ್ಳಿ.