ಮೂರು ವರ್ಷ, ಹತ್ತು ಸಾವಿರ ಪೆಲೆಟ್: ಕಡಿಮೆ ದುಡ್ಡಿನ .177 ಸ್ಪ್ರಿಂಗ್ ಏರ್ ರೈಫಲ್

ಹುಬ್ಬಳ್ಳಿ-ಧಾರವಾಡ ಕಡೆ ಗುರಿ ಹೊಡೆಯೋ ಹವ್ಯಾಸಕ್ಕೆ ರೈಫಲ್ ಕೊಳ್ಳಬೇಕು ಅನ್ನೋರು ಮೊದಲು ಕೇಳೋದು ".22 ತಗೊಳ್ಳೋದೋ, .177 ಏರ್ ರೈಫಲ್ ತಗೊಳ್ಳೋದೋ" ಅಂತ. ಈ ಅಂಕಿಗಳು ಇಂಚಿನಲ್ಲಿ ನಳಿಗೆಯ ಒಳ ಅಗಲ. ಇಲ್ಲಿ .22 ಅಂದರೆ ಮದ್ದಿನ ಗುಂಡು ಹಾರಿಸೋ ಬಂದೂಕು, ಏರ್ ರೈಫಲ್ ಅಂದರೆ ಗಾಳಿಯ ಒತ್ತಡದ್ದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ ಕಂಚು ಗೆದ್ದಿದ್ದು .22ರಲ್ಲೇ. ಹಾಗಾಗಿ ಅದರ ಆಸೆ ಸಹಜ. ಆದರೆ ಬಿಡುವಿನ ವೇಳೆ ಮನೆ ಹಿತ್ತಲಲ್ಲಿ, ಕಡಿಮೆ ಖರ್ಚಿನಲ್ಲಿ ಅಭ್ಯಾಸ ಮಾಡೋರಿಗೆ .177 ಸ್ಪ್ರಿಂಗ್ ರೈಫಲ್ಲೇ ಸರಿ. ಮೂರು ವರ್ಷದಲ್ಲಿ ಸುಮಾರು ಹತ್ತು ಸಾವಿರ ಪೆಲೆಟ್ (ಏರ್ ರೈಫಲ್‌ನ ಪುಟ್ಟ ಗುಂಡು) ಹಾರಿಸಿದ ಮೇಲೂ ಈ ಅಭಿಪ್ರಾಯ ಬದಲಾಗಿಲ್ಲ. ಬದಲಾಗಿದ್ದು ಕೊಳ್ಳುವಾಗ ಏನು ನೋಡಬೇಕು ಅನ್ನೋದು.

ಇಲ್ಲಿ ಮಾಡೆಲ್ ಹೆಸರು ಹಾಕಿಲ್ಲ. ದೇಶಿ ಬ್ರೇಕ್-ಬ್ಯಾರಲ್ ರೈಫಲ್‌ಗಳ ಒಳಗಿನ ರಚನೆ ಹೆಚ್ಚುಕಡಿಮೆ ಒಂದೇ: ನಳಿಗೆ ಮುರಿದರೆ, ಅಂದರೆ ಕೀಲಿನಲ್ಲಿ ಕೆಳಗೆ ಬಾಗಿಸಿದರೆ, ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ, ಟ್ರಿಗರ್ ಎಳೆದರೆ ಪಿಸ್ಟನ್ ಮುಂದೆ ನುಗ್ಗಿ ಗಾಳಿಯನ್ನು ಒತ್ತಿ ಪೆಲೆಟ್ ಹಾರಿಸುತ್ತದೆ. ಹತ್ತರಿಂದ ಹದಿನೈದು ಸಾವಿರ ರೂಪಾಯಿ ಆಸುಪಾಸಿನ ಯಾವ ರೈಫಲ್ ತಗೊಂಡರೂ ಮುಂದೆ ಹೇಳೋ ಮಾತು ಬಹುಪಾಲು ಹೊಂದುತ್ತದೆ.

ಮೊದಲು ಕಾನೂನು. .22 ಬಂದೂಕಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸನ್ಸ್ ಬೇಕೇ ಬೇಕು. ಅವಳಿ ನಗರದವರು ಪೊಲೀಸ್ ಕಮಿಷನರ್ ಕಚೇರಿಗೆ, ಗದಗ, ಹಾವೇರಿಯವರು ಡಿಸಿ ಆಫೀಸಿಗೆ ಅಲೆಯಬೇಕು. ಗುಂಡುಗಳಿಗೆ ಲೆಕ್ಕ ಇಡಬೇಕು, ಚುನಾವಣೆ ಬಂದರೆ ಬಂದೂಕನ್ನು ಠಾಣೆಗೆ ಒಪ್ಪಿಸಬೇಕಾದೀತು. ಅದಕ್ಕಿಂತ ದೊಡ್ಡ ಮಾತು ಸುರಕ್ಷತೆಯದು. .22ರ 2.6 ಗ್ರಾಂ ಗುಂಡು ಒಂದು ಕಿಲೋಮೀಟರ್‌ಗೂ ಹೆಚ್ಚು ದೂರ ಹೋಗಬಲ್ಲದು. ನವಲಗುಂದ, ರೋಣದ ಕಡೆಯ ಎರೆ ಹೊಲ ಅಂಗೈಯಷ್ಟು ಸಪಾಟು. ಗುಂಡನ್ನು ತಡೆಯೋಕೆ ಒಂದು ದಿಬ್ಬ ಇರಲ್ಲ, ಒಬ್ಬ ಕೂಲಿಯವರು ಜೋಳದ ಮರೆಯಲ್ಲಿದ್ದರೆ ಕಾಣೋದೂ ಇಲ್ಲ. ಅದಕ್ಕೆ .22 ಅಂದರೆ ಅನುಮತಿ ಇರೋ ರೇಂಜ್ ಮಾತ್ರ. ಹೊಲ ಅಲ್ಲ.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಅಂದರೆ .177 ನಳಿಗೆಯ, 20 ಜೌಲ್ (ಪೆಲೆಟ್ ಹೊರಡುವಾಗಿನ ಶಕ್ತಿಯ ಅಳತೆ) ಮೀರದ ಏರ್ ರೈಫಲ್‌ಗೆ ಲೈಸನ್ಸ್ ಬೇಡ. ಎರಡರಲ್ಲಿ ಯಾವುದು ಮೀರಿದರೂ ಬೇಕು. ಹಲವರು ಎಡವೋದು ಇಲ್ಲೇ: ".22 ಏರ್ ರೈಫಲ್ ಅಷ್ಟೇ ತಾನೇ, ಗಾಳಿ ಬಂದೂಕು" ಅಂತ ತರಿಸಿಕೊಳ್ಳುತ್ತಾರೆ. ಅದರ ನಳಿಗೆ 5.5 ಮಿಮೀ, ಹಾಗಾಗಿ ಅದು ಲೈಸನ್ಸ್ ಸಾಲಿಗೇ ಬರುತ್ತದೆ. ಅಂಗಡಿಯವರು ಗುರುತಿನ ಚೀಟಿ, ವಿಳಾಸದ ಪ್ರತಿ ಕೇಳಿದರೆ ಕೊಡಿ, ಬಿಲ್ಲಿನ ಒಂದು ಪ್ರತಿಯನ್ನು ರೈಫಲ್ ಚೀಲದಲ್ಲೇ ಇಡಿ.

ಈಗ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿರೋ "ಸೆಕೆಂಡಿಗೆ 1000 ಅಡಿ" ವಿಚಾರ. ಇದನ್ನು ನೀವೇ ಲೆಕ್ಕ ಹಾಕಿ ನೋಡಬಹುದು. ತೂಕವನ್ನು ಕಿಲೋದಲ್ಲಿ, ವೇಗವನ್ನು ಮೀಟರ್‌ನಲ್ಲಿ ಹಿಡಿದು, ತೂಕದ ಅರ್ಧವನ್ನು ವೇಗದ ವರ್ಗಕ್ಕೆ ಗುಣಿಸಿದರೆ ಜೌಲ್ ಸಿಗುತ್ತದೆ. 7 ಗ್ರೇನ್ ಸೀಸದ ಪೆಲೆಟ್ ಅಂದರೆ 0.454 ಗ್ರಾಂ. ಅದು 1000 ಅಡಿ, ಅಂದರೆ 305 ಮೀಟರ್ ವೇಗದಲ್ಲಿ ಹೋದರೆ 21 ಜೌಲ್ ಆಯಿತು, ಮಿತಿ ದಾಟಿತು. ಅಂದ ಮೇಲೆ ಲೈಸನ್ಸ್ ಬೇಡದ ರೈಫಲ್ ಸಾಮಾನ್ಯ ಸೀಸದ ಪೆಲೆಟ್‌ನಲ್ಲಿ ಆ ವೇಗ ಕೊಡೋಕೆ ಬರಲ್ಲ. ಆ ಅಂಕಿ 5 ಗ್ರೇನ್ ಆಸುಪಾಸಿನ ಹಗುರ ಮಿಶ್ರಲೋಹದ ಪೆಲೆಟ್‌ನದ್ದು. ಅದೇ ರೈಫಲ್‌ಗೆ 8.44 ಗ್ರೇನ್ ಪೆಲೆಟ್ ಹಾಕಿದರೆ ಸುಮಾರು 240 ಮೀಟರ್ ವೇಗ, 16 ಜೌಲ್ ಹತ್ತಿರ ಬರುತ್ತದೆ. ಗುರಿ ಹೊಡೆಯೋಕೆ ಇದೂ ಹೆಚ್ಚೇ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ 10 ಮೀಟರ್ ಸ್ಪರ್ಧೆಯ ರೈಫಲ್‌ಗಳ ಶಕ್ತಿ ಸುಮಾರು 7.5 ಜೌಲ್ ಮಾತ್ರ. ಕಾಗದಕ್ಕೆ ತೂತು ಬೀಳಲು ಶಕ್ತಿ ಬೇಕಿಲ್ಲ, ಪ್ರತಿ ಸಲ ಒಂದೇ ಥರ ಹೊಡೆಯೋ ಗುಣ ಬೇಕು. ಎರಡು ರೈಫಲ್ ಮುಂದಿಟ್ಟರೆ ವೇಗ ಕಡಿಮೆ ಇರೋದನ್ನು, ಕಾಕ್ ಮಾಡೋಕೆ ಹಗುರ ಇರೋದನ್ನು ತಗೊಳ್ಳಿ. ಜೋರಿನ ರೈಫಲ್‌ನ ನಳಿಗೆ ಮುರಿಯೋಕೆ ಹದಿನೈದು ಕಿಲೋ ಎಳೆತ ಬೇಕಾದರೆ, ನಲವತ್ತನೇ ಹೊಡೆತಕ್ಕೆ ತೋಳು ನಡುಗುತ್ತದೆ, ಆಮೇಲಿನ ಹೊಡೆತ ವ್ಯರ್ಥ.

ಸ್ಪ್ರಿಂಗ್ ರೈಫಲ್‌ನ ಸ್ವಭಾವ ತಿಳಿಯದೆ "ಇದು ಸೊಟ್ಟ ಹೊಡೀತದ" ಅಂತ ವಾಪಸ್ ಮಾಡೋರು ಬಹಳ. ತಪ್ಪು ಹೆಚ್ಚಾಗಿ ಹಿಡಿಯೋದರಲ್ಲಿ ಇರುತ್ತದೆ. ಪಿಸ್ಟನ್ ಮುಂದೆ ಹೊರಟಾಗ ರೈಫಲ್ ಹಿಂದೆ ಒದೆಯುತ್ತದೆ, ಪಿಸ್ಟನ್ ತುದಿಗೆ ಬಂದು ನಿಂತಾಗ ಮುಂದೆ ಜಗ್ಗುತ್ತದೆ. ಪೆಲೆಟ್ ನಳಿಗೆ ಬಿಡೋ ಮೊದಲೇ ರೈಫಲ್ ಅಲುಗಾಡಿರುತ್ತದೆ. ಬಿಗಿಯಾಗಿ ಹಿಡಿದರೆ ಪ್ರತಿ ಸಲ ಬಿಗಿ ಬೇರೆ ಬೇರೆ, ಅಲುಗಾಟವೂ ಬೇರೆ ಬೇರೆ. ಗಟ್ಟಿ ಮೇಜಿನ ಮೇಲೆ ನಳಿಗೆ ಊರಿದರೆ ಅದು ಪುಟಿದು ಪೆಲೆಟ್ ಮೇಲೆ ಹೋಗುತ್ತದೆ. ಸರಿಯಾದ ರೀತಿ: ಎಡ ಅಂಗೈ ಬಿಚ್ಚಿ, ಟ್ರಿಗರ್ ಗಾರ್ಡ್‌ನ ಸ್ವಲ್ಪ ಮುಂದೆ ಸ್ಟಾಕ್ (ರೈಫಲ್ ಹಿಡಿಯೋ ಮರದ ಅಥವಾ ಪ್ಲಾಸ್ಟಿಕ್ಕಿನ ಭಾಗ) ಅದರ ಮೇಲೆ ಸುಮ್ಮನೆ ಕೂರಬೇಕು, ಬೆರಳು ಮಡಚಬಾರದು. ಭುಜಕ್ಕೆ ತಾಗಿರಬೇಕು, ಒತ್ತಬಾರದು. ಕೆನ್ನೆ ಪ್ರತಿ ಸಲ ಅದೇ ಜಾಗಕ್ಕೆ. ಸ್ಟಾಕ್ ಅಡಿಯಲ್ಲಿ ಅಂಗೈ ಕೂರುವ ಜಾಗಕ್ಕೆ ಒಂದು ಟೇಪಿನ ಗುರುತು ಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಹೀಗೆ ಹಿಡಿದರೆ ಮೆತ್ತನೆ ಚೀಲದ ಮೇಲೆ ಕೈಯೂರಿ 10 ಮೀಟರ್‌ನಲ್ಲಿ ಐದು ಪೆಲೆಟ್ ಹದಿನೈದು ಮಿಮೀ ಒಳಗೆ ಬೀಳೋದು ಈ ಬೆಲೆಯ ರೈಫಲ್‌ಗೆ ಕಷ್ಟ ಅಲ್ಲ.

ಟ್ರಿಗರ್ ಈ ರೈಫಲ್‌ಗಳ ದುರ್ಬಲ ಜಾಗ. ಎರಡು ಕಿಲೋ ಆಸುಪಾಸಿನ ಎಳೆತ, ಮಧ್ಯೆ ಗರಗರ. ಸಾವಿರ ಹೊಡೆತ ಆದ ಮೇಲೆ ತಾನೇ ನುಣುಪಾಗುತ್ತದೆ. ಹೊಂದಿಸೋ ಸ್ಕ್ರೂ ಇದ್ದರೆ ಕಾಲು ಸುತ್ತು ಮಾತ್ರ ತಿರುಗಿಸಿ. ಒಳಗಿನ ಕೊಂಡಿಯನ್ನು ಯಾರಿಂದಲೂ ಅರ ಹಾಕಿಸಬೇಡಿ. ಅದು ಸವೆದರೆ ನಳಿಗೆ ಮುರಿದಿರುವಾಗಲೇ ಸ್ಪ್ರಿಂಗ್ ಜಾರಿ ನಳಿಗೆ ರಪ್ಪನೆ ಮುಚ್ಚಿಕೊಳ್ಳುತ್ತದೆ. ಪೆಲೆಟ್ ಕೂರಿಸೋ ಹೆಬ್ಬೆರಳು ಆಗ ಅಲ್ಲೇ ಇರುತ್ತದೆ. ರೈಫಲ್ ಹೊಸದಿರಲಿ ಹಳೆಯದಿರಲಿ, ಪೆಲೆಟ್ ಹಾಕುವಾಗ ಇನ್ನೊಂದು ಕೈ ನಳಿಗೆಯನ್ನು ಬಿಡಲೇಬಾರದು.

ಇನ್ನು ಸೈಟ್. ಜತೆಗೆ ಬರೋ ಹಸಿರು-ಕೆಂಪು ಹೊಳೆಯೋ ಫೈಬರ್ ಸೈಟ್ ನೋಡೋಕೆ ಚೆಂದ, ಕಾಗದದ ಗುರಿಗೆ ಅಡ್ಡಿ. ಮುಂದಿನ ಚುಕ್ಕೆ ಕಣ್ಣಿಂದ ಸುಮಾರು ಒಂದು ಮೀಟರ್ ದೂರ ಇದ್ದು 1.5 ಮಿಮೀ ಅಗಲ ಇದ್ದರೆ, 10 ಮೀಟರ್‌ನಲ್ಲಿ 15 ಮಿಮೀ ಜಾಗ ಮುಚ್ಚುತ್ತದೆ. ಸ್ಪರ್ಧೆಯ ಗುರಿಯ ಕಪ್ಪು ಭಾಗವೇ 30.5 ಮಿಮೀ, ನಡುವಿನ ಹತ್ತರ ಚುಕ್ಕೆ ಬರೀ 0.5 ಮಿಮೀ! ಉಳಿದ ದುಡ್ಡಿದ್ದರೆ ಮೊದಲು ಕಿಂಡಿಯ ಹಿಂಬದಿ ಸೈಟ್ ಹಾಕಿಸಿ. ಸ್ಕೋಪೇ ಬೇಕು ಅಂದರೆ ಏರ್ ರೈಫಲ್‌ಗೆಂದು ಮಾಡಿದ್ದೇ ಆಗಬೇಕು, ಯಾಕೆಂದರೆ ಮುಂದೆ-ಹಿಂದೆ ಎರಡೂ ಕಡೆಯ ಒದೆತ ಸಾಮಾನ್ಯ ಸ್ಕೋಪ್‌ನ ಒಳಗಿನ ಗಾಜನ್ನು ಸಡಿಲಿಸುತ್ತದೆ. 10 ಮೀಟರ್‌ಗೆ ಫೋಕಸ್ ಬರೋದು, 11 ಮಿಮೀ ಹಳಿಗೆ ಹೊಂದೋ ಒಂದೇ ತುಂಡಿನ ಮೌಂಟ್, ಹಿಂದೆ ಜಾರದಂತೆ ತಡೆಪಿನ್: ಈ ಮೂರೂ ಇರಲಿ. ಸ್ಕೋಪ್ ಗುಂಡಿಯ ಕಾಲು ಮಿನಿಟಿನ (ಇದು ಕೋನದ ಮಿನಿಟು, ಡಿಗ್ರಿಯ ಅರವತ್ತನೇ ಒಂದು ಪಾಲು) ಒಂದು ಕ್ಲಿಕ್ 10 ಮೀಟರ್‌ನಲ್ಲಿ ಸುಮಾರು 0.7 ಮಿಮೀ ಅಷ್ಟೇ ಸರಿಸುತ್ತದೆ, ಎರಡು ಸೆಂಟಿಮೀಟರ್ ತಿದ್ದಬೇಕಾದರೆ 28 ಕ್ಲಿಕ್ ಎಣಿಸಬೇಕು. "ತಿರುಗಿಸಿದರೂ ಏನೂ ಆಗವಲ್ದು" ಅನ್ನೋರು ಸಾಮಾನ್ಯವಾಗಿ ನಾಲ್ಕಕ್ಕೇ ನಿಲ್ಲಿಸಿರುತ್ತಾರೆ.

ಪೆಲೆಟ್‌ನಲ್ಲಿ ಉಳಿಸೋ ದುಡ್ಡು ಗುರಿಯಲ್ಲಿ ಹೋಗುತ್ತದೆ. 10 ಮೀಟರ್‌ಗೆ ಚಪ್ಪಟೆ ತಲೆಯದು, ಕಾಗದದಲ್ಲಿ ಪಂಚ್ ಹೊಡೆದ ಹಾಗೆ ದುಂಡನೆ ತೂತು ಬೀಳುತ್ತದೆ. 20 ಮೀಟರ್ ದಾಟಿದರೆ ದುಂಡು ತಲೆಯದು. ಒಂದೇ ತೂಕದ್ದರಲ್ಲೂ ತಲೆಯ ಅಳತೆ 4.50, 4.51, 4.52 ಅಂತ ಬೇರೆ ಬೇರೆ ಬರುತ್ತದೆ, ನಳಿಗೆಗೆ ಯಾವುದು ಒಗ್ಗುತ್ತದೆ ಅನ್ನೋದನ್ನು ಹೊಡೆದೇ ನೋಡಬೇಕು. ನಾಲ್ಕು ಥರದ್ದು ತಂದು ಪ್ರತಿಯೊಂದರಲ್ಲಿ ಇಪ್ಪತ್ತು ಹೊಡೆದು, ಕೊನೆಯ ಹತ್ತನ್ನು ಮಾತ್ರ ಅಳೆಯಿರಿ, ಮೊದಲ ಹತ್ತರಲ್ಲಿ ನಳಿಗೆಯೊಳಗೆ ಹಿಂದಿನ ಪೆಲೆಟ್‌ನ ಸೀಸದ ಲೇಪ ಇರುತ್ತದೆ. ಅಗ್ಗದ ಡಬ್ಬಿಯನ್ನು ಬಿಳಿ ತಟ್ಟೆಗೆ ಸುರಿದರೆ ಅಂಚು ನೆಗ್ಗಿದವು ಕಣ್ಣಿಗೇ ಕಾಣುತ್ತವೆ, ಅವನ್ನು ಬೇರೆ ಇಡಿ. ಸೀಸ ವಿಷ. ಹೊಡೆದಾದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ಚುರಮುರಿಗೆ ಕೈ ಹಾಕಬೇಡಿ, ಮಕ್ಕಳ ಕೈಗೆ ಡಬ್ಬಿ ಸಿಗದಿರಲಿ.

ಗುರಿಕಾಗದವನ್ನು ಜೆರಾಕ್ಸ್ ಅಂಗಡಿಯಲ್ಲಿ ತೆಗೆಸುವಾಗ ಕಪ್ಪು ಭಾಗ 30.5 ಮಿಮೀ ಬಂದಿದೆಯೋ ಅಂತ ಸ್ಕೇಲ್ ಇಟ್ಟು ನೋಡಿ. ಹಿತ್ತಲು ಐದೇ ಮೀಟರ್ ಇದ್ದರೆ ಅರ್ಧಕ್ಕೆ ಇಳಿಸಿ ತೆಗೆಸಿ, ಕಣ್ಣಿಗೆ ಅಷ್ಟೇ ಕಾಣುತ್ತದೆ. ತೆಳು ಕಾಗದ ಹರಿದು ಅಂಕ ಗೊತ್ತಾಗಲ್ಲ. ಹಳೆ ಲಗ್ನಪತ್ರಿಕೆಯ ಹಿಂಬದಿಗೆ ಅಂಟಿಸಿ ಹೊಡೆದರೆ ತೂತಿನ ಅಂಚು ಸ್ವಚ್ಛ ಬರುತ್ತದೆ. ಪೆಲೆಟ್ ತಡೆಯೋ ಪೆಟ್ಟಿಗೆಯನ್ನು ಗೋಕುಲ ರೋಡಿನ ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ಮಾಡಿಸಬಹುದು: 30 ಸೆಂಟಿಮೀಟರ್ ಚೌಕ, ಒಳಗೆ 3 ಮಿಮೀ ಎಂಎಸ್ (ಮೈಲ್ಡ್ ಸ್ಟೀಲ್) ಶೀಟು 45 ಡಿಗ್ರಿ ಓರೆ, ಪೆಲೆಟ್ ಬಡಿದು ಕೆಳಗೆ ಬೀಳೋ ಹಾಗೆ. ನೇರ ನಿಲ್ಲಿಸಿದ ತಗಡು ಪೆಲೆಟ್‌ನ ಚೂರನ್ನು ಮುಖಕ್ಕೇ ವಾಪಸ್ ಕಳಿಸುತ್ತದೆ. ಪೆಟ್ಟಿಗೆಯ ಹಿಂದೆ ನೇರ ಗೋಡೆ ಇರಲೇಬೇಕು, ಅದರ ಮುಂದೆ ಎರಡು ಮಡಿಕೆ ಹಳೆ ಕೌದಿ ಸಡಿಲವಾಗಿ ಇಳಿಬಿಡಿ. ಪೆಟ್ಟಿಗೆ ತಪ್ಪಿದ ಪೆಲೆಟ್‌ನ ವೇಗ ಜೋತಾಡೋ ಬಟ್ಟೆ ತಿಂದುಬಿಡುತ್ತದೆ, ಬಿಗಿದು ಕಟ್ಟಿದ ಬಟ್ಟೆ ತೂತಾಗುತ್ತದೆ. ಕಣ್ಣಿಗೆ ಸುರಕ್ಷತಾ ಕನ್ನಡಕ ಹಾಕದೆ ಒಂದು ಪೆಲೆಟ್ಟೂ ಹಾರಿಸಬೇಡಿ.

ರೈಫಲ್ ಹೆಗಲಿಗೆ ಹಾಕಿಕೊಂಡು ಕೆರೆ ದಂಡೆಗೆ ಹೋಗೋರಿಗೆ ಒಂದೇ ಮಾತು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಏರ್ ರೈಫಲ್‌ಗೂ ಅನ್ವಯಿಸುತ್ತದೆ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರೋ ಹೆಬ್ಬಾತುಗಳ ಮೇಲೆ ಗುರಿ ಹಿಡಿಯೋದು ಅಪರಾಧವೂ ಹೌದು, ಪಾಪವೂ ಹೌದು.

ಬಾಳಿಕೆ. ಹೊಸದರಲ್ಲಿ ಮೊದಲ ನೂರಿನ್ನೂರು ಹೊಡೆತ ಹೊಗೆ, ಸುಟ್ಟ ಎಣ್ಣೆ ವಾಸನೆ, ಪಟಾಕಿಯಂಥ ಸದ್ದು ಬರುತ್ತದೆ. ಕಾರ್ಖಾನೆಯಲ್ಲಿ ಹಚ್ಚಿದ ಗ್ರೀಸು ಒತ್ತಿದ ಗಾಳಿಯ ಬಿಸಿಗೆ ಹೊತ್ತಿಕೊಳ್ಳೋದು ಅದು. ತಾನೇ ನಿಲ್ಲುತ್ತದೆ. "ಬಿಗಿ ಆಗೇದ" ಅಂತ ಹೊಲಿಗೆ ಮಷೀನ್ ಎಣ್ಣೆಯನ್ನು ಗಾಳಿ ರಂಧ್ರಕ್ಕೆ ಬಿಟ್ಟರೆ ಮಾತ್ರ ಆ ಸ್ಫೋಟ ನಿಲ್ಲದೆ ಪಿಸ್ಟನ್ ಸೀಲ್ ಸುಡುತ್ತದೆ, ಸ್ಪ್ರಿಂಗ್ ಮುರಿಯುತ್ತದೆ. ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯೋದೂ ಅಷ್ಟೇ ಕೆಟ್ಟದು, ಪಿಸ್ಟನ್‌ಗೆ ಗಾಳಿಯ ಮೆತ್ತೆ ಇಲ್ಲದೆ ಲೋಹಕ್ಕೆ ಲೋಹ ಬಡಿಯುತ್ತದೆ.

ಗುರಿ ದಿಢೀರ್ ಚೆದುರಿದರೆ ಸೈಟ್ ತಿರುಗಿಸೋ ಮೊದಲು ಸ್ಟಾಕ್‌ನ ಸ್ಕ್ರೂ ಮುಟ್ಟಿ ನೋಡಿ. ಮುಂಭಾಗದ ಎರಡು, ಟ್ರಿಗರ್ ಗಾರ್ಡ್‌ನದು ಒಂದೆರಡು, ಇನ್ನೂರು ಹೊಡೆತಕ್ಕೆ ಇವು ಸಡಿಲಾಗುತ್ತವೆ. ಎಣ್ಣೆ ಒರೆಸಿ, ನೀಲಿ ಥ್ರೆಡ್ ಲಾಕರ್ ಒಂದು ಹನಿ ಹಾಕಿ, ಸಣ್ಣ ಅಲನ್ ಕೀಯಲ್ಲಿ ಎರಡು ಬೆರಳಿನ ಬಲಕ್ಕೆ ಬಿಗಿಯಿರಿ. ಕೆಂಪು ಹಾಕಿದರೆ ಮುಂದೆ ಬಿಚ್ಚೋಕೆ ಬರಲ್ಲ. ಮರದ ಸ್ಟಾಕ್ ಇದ್ದರೆ ಧಾರವಾಡದ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗುತ್ತದೆ, ಹಾಗಾಗಿ ಎರಡೂ ಕಾಲದ ಶುರುವಿಗೆ ಮತ್ತೊಮ್ಮೆ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ಪಾಂಜಿನ ಚೀಲದಲ್ಲಿ ಇಡಬೇಡಿ, ಸ್ಪಾಂಜು ತೇವ ಹಿಡಿದು ವಾರದಲ್ಲಿ ನಳಿಗೆ ಮೇಲೆ ತುಕ್ಕಿನ ಚುಕ್ಕೆ ಬರುತ್ತದೆ. ಎಣ್ಣೆ ಬಟ್ಟೆಯಲ್ಲಿ ಒರೆಸಿ ಗಾಳಿಯಾಡೋ ಕಪಾಟಿನಲ್ಲಿ, ಬೀಗ ಹಾಕಿ ಇಡಿ.

ಐದಾರು ಸಾವಿರ ಹೊಡೆತದ ಹೊತ್ತಿಗೆ ಪೆಲೆಟ್ ಮೊದಲಿಗಿಂತ ಕೆಳಗೆ ಬೀಳೋಕೆ ಶುರುವಾದರೆ ಸ್ಪ್ರಿಂಗ್ ಹೋಯಿತು ಅಂತ ಹೆದರಬೇಡಿ. ನಳಿಗೆ ಮುರಿಯೋ ಜಾಗದ ಮೇಲೆ ಟಿಶ್ಯೂ ಕಾಗದದ ತೆಳು ಎಳೆ ಇಟ್ಟು, ಪೆಲೆಟ್ ಹಾಕಿ ಗುರಿಪೆಟ್ಟಿಗೆಗೆ ಹೊಡೆಯಿರಿ. ಎಳೆ ಹಾರಿದರೆ ಅಲ್ಲಿಂದ ಗಾಳಿ ಸೋರುತ್ತಿದೆ, ಒಂದು ಓ-ರಿಂಗ್ ಬದಲಿಸಿದರೆ ಸಾಕು. ಹಳೆಯದನ್ನು ಕೈಯಲ್ಲಿ ಹಿಡಿದು ಹೋದರೆ ರಬ್ಬರ್ ಸಾಮಾನಿನ ಅಂಗಡಿಯಲ್ಲಿ ಜೋಡಿ ಸಿಗುತ್ತದೆ. ಎಳೆ ಅಲುಗಾಡದೆ ಪೆಲೆಟ್ ಮಾತ್ರ ಕೆಳಗೇ ಬೀಳುತ್ತಿದ್ದರೆ ಆಗ ಸ್ಪ್ರಿಂಗ್, ಸೀಲ್ ಬದಲಿಸೋ ಕಾಲ. ಆ ಕೆಲಸಕ್ಕೆ ಸ್ಪ್ರಿಂಗ್ ಕಂಪ್ರೆಸರ್ ಬೇಕು. ಬಿಚ್ಚಿದ ಕ್ಷಣ ಒಳಗೆ ಒತ್ತಿಕೊಂಡ ಸ್ಪ್ರಿಂಗ್ ಹಿಂಬದಿಯ ಲೋಹದ ಮುಚ್ಚಳವನ್ನು ಎದೆಗೆ ಎಸೆಯಬಲ್ಲದು. ಕಂಪ್ರೆಸರ್ ಇಲ್ಲದವರು ಆ ಪಿನ್ ಮುಟ್ಟದೆ, ತಯಾರಕರ ಸರ್ವಿಸ್‌ಗೆ ಕಳಿಸಿ.