ಮೂರು ಟರ್ನ್‌ಟೇಬಲ್, ಒಂದೇ ಮುಳ್ಳು

ರೇಗಾ ಪ್ಲ್ಯಾನರ್ 3, ಪ್ರೊ-ಜೆಕ್ಟ್ ಡೆಬ್ಯೂ ಕಾರ್ಬನ್ ಇವೊ, ಟೆಕ್ನಿಕ್ಸ್ ಎಸ್‌ಎಲ್-1500ಸಿ. ಮಧ್ಯಮ ಬೆಲೆಯ ಟರ್ನ್‌ಟೇಬಲ್ (ರೆಕಾರ್ಡ್ ನುಡಿಸುವ ಯಂತ್ರ) ಹುಡುಕುವವರು ಸುತ್ತಿ ಸುತ್ತಿ ಬಂದು ನಿಲ್ಲುವುದು ಹೆಚ್ಚಾಗಿ ಈ ಮೂರರ ಮುಂದೆ. ಡಬ್ಬದಿಂದ ತೆಗೆದ ಹಾಗೇ ಕೂರಿಸಿ ಹೋಲಿಸಿದರೆ ನೀವು ಹೋಲಿಸುವುದು ಬರೀ ಕಾರ್ಟ್ರಿಜ್‌ಗಳನ್ನು, ಅಂದರೆ ಮುಳ್ಳಿನ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪುಟ್ಟ ಭಾಗಗಳನ್ನು. ಹಾಗಾಗಿ ಇಲ್ಲಿ ಮೂರಕ್ಕೂ ಆರ್ಟೊಫೋನ್ 2ಎಂ ರೆಡ್ ಕಾರ್ಟ್ರಿಜ್, ರೆಕಾರ್ಡಿನ ಮೇಲೆ ಮುಳ್ಳಿನ ಭಾರ 1.8 ಗ್ರಾಂ, ಕಾರ್ಟ್ರಿಜ್‌ನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಫೋನೊ ಸ್ಟೇಜ್ ಕೂಡ ಒಂದೇ.

ಮೊದಲ ತೊಡಕು ರೇಗಾದಲ್ಲಿ. 2ಎಂ ಕಾರ್ಟ್ರಿಜ್‌ನ ಮೈ ಎತ್ತರವಾದದ್ದು, ಅದನ್ನು ಹೊರುವ ರೇಗಾ ಆರ್ಮ್‌ನ ಎತ್ತರ ಬದಲಿಸಲು ತಿರುಪು ಇಲ್ಲ. ಹಾಗೇ ಕೂರಿಸಿದರೆ ಆರ್ಮ್‌ನ ಹಿಂಭಾಗ ತಗ್ಗಿ, ಮುಳ್ಳು ರೆಕಾರ್ಡಿನ ಮೇಲೆ ತಪ್ಪು ಕೋನದಲ್ಲಿ ಇಳಿಯುತ್ತದೆ. ಆರ್ಮ್‌ನ ಬುಡಕ್ಕೆ 2 ಮಿ.ಮೀ. ಸ್ಪೇಸರ್ ಕೊಡಬೇಕು, ಇಲ್ಲವೇ ರೇಗಾಗೆಂದೇ ಗಿಡ್ಡಗೆ ಮಾಡಿದ 2ಎಂಆರ್ ಸಾಲಿನದನ್ನು ಹಾಕಬೇಕು. ಡೆಬ್ಯೂ ಇವೊದಲ್ಲಿ ಸಣ್ಣ ತಿರುಪು ಸಡಿಲಿಸಿದರೆ ಆರ್ಮ್ ಮೇಲೆ ಕೆಳಗೆ ಸರಿಯುತ್ತದೆ. ಟೆಕ್ನಿಕ್ಸ್‌ನಲ್ಲಿ ಬುಡದ ಬಳೆ ತಿರುಗಿಸಿದರೆ ಆಯಿತು, 0ರಿಂದ 6 ಮಿ.ಮೀ.ವರೆಗೆ. ಆರ್ಮ್‌ನ ತುದಿಯ ಹೆಡ್‌ಶೆಲ್ ಕಳಚಿ ಕೈಯಲ್ಲಿ ಹಿಡಿದು ಕಾರ್ಟ್ರಿಜ್ ಕೂರಿಸುವ ಸುಖವೂ ಮೂರರಲ್ಲಿ ಟೆಕ್ನಿಕ್ಸ್‌ಗೆ ಮಾತ್ರ. ಉಳಿದೆರಡರಲ್ಲಿ ಬಗ್ಗಿ, ಉಸಿರು ಬಿಗಿಹಿಡಿದು, ಕೂದಲಿನಂಥ ನಾಲ್ಕು ವೈರುಗಳನ್ನು ಸಿಕ್ಕಿಸಬೇಕು. ಇಕ್ಕಳದಿಂದ ಹಿಡಿಯುವಾಗ ಲೋಹದ ತುದಿಯನ್ನು ಹಿಡಿಯಿರಿ. ವೈರನ್ನೇ ಎಳೆದರೆ ಬೆಸುಗೆ ಕಿತ್ತು ಬರುತ್ತದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಟರ್ನ್‌ಟೇಬಲ್ ಮಟ್ಟಿಗೆ ಆ ದೂರು ಅನೇಕ ಸಲ ನಿಜ. ರೇಗಾದ ಕಾಲುಗಳನ್ನು ಏರಿಸಿ ಇಳಿಸಲು ಬರುವುದಿಲ್ಲ, ಶೆಲ್ಫನ್ನೇ ಮಟ್ಟ ಮಾಡಬೇಕು. ಡೆಬ್ಯೂ ಇವೊ, ಟೆಕ್ನಿಕ್ಸ್ ಎರಡರಲ್ಲೂ ಕಾಲು ತಿರುಗಿಸಿ ಸರಿ ಮಾಡಬಹುದು. ಮಟ್ಟಗೋಲನ್ನು ಪ್ಲ್ಯಾಟರ್ (ರೆಕಾರ್ಡ್ ಕೂರುವ ತಟ್ಟೆ) ಮೇಲಿಟ್ಟು ಎರಡು ದಿಕ್ಕಿನಲ್ಲೂ ನೋಡಿ. ಹಲಗೆ ನೆಲದ ಮನೆಯಾದರೆ, ನಡೆದಾಡಿದಾಗ ಮುಳ್ಳು ಹಾರುವ ಕಾಟ ಹಗುರ ಮೈಯ ರೇಗಾದಲ್ಲಿ ಬೇಗ ಕಾಣಿಸುತ್ತದೆ. ಗೋಡೆಗೆ ಬಡಿದ ಶೆಲ್ಫ್ ಇದ್ದರೆ ಆ ಕಾಟ ಇಲ್ಲ. 9.9 ಕಿಲೋ ತೂಗುವ ಟೆಕ್ನಿಕ್ಸ್ ಇಂಥ ನೆಲವನ್ನು ಹೆಚ್ಚು ಸಹಿಸುತ್ತದೆ.

ವೇಗದ ವಿಚಾರಕ್ಕೆ ದೊಡ್ಡ ವಾಗ್ವಾದಗಳೇ ನಡೆಯುತ್ತವೆ. ಉಳಿದೆರಡರಲ್ಲಿ ಪ್ಲ್ಯಾಟರನ್ನು ಬೆಲ್ಟ್ ತಿರುಗಿಸಿದರೆ, ಟೆಕ್ನಿಕ್ಸ್‌ನದು ಬೆಲ್ಟ್ ಇಲ್ಲದ, ಮೋಟಾರೇ ತಿರುಗಿಸುವ ಡೈರೆಕ್ಟ್ ಡ್ರೈವ್, ವೌ ಮತ್ತು ಫ್ಲಟರ್ (ವೇಗದ ಏರಿಳಿತ) ಶೇ. 0.025 ಎಂದು ಕಂಪನಿಯ ಲೆಕ್ಕ. ಕಾಗದದ ಮೇಲೆ ಗೆಲುವು ಅದರದೇ. ಆದರೆ ರೆಕಾರ್ಡಿನ ನಡುವಿನ ತೂತನ್ನು ನೋಡಿ. ಅದು ಅರ್ಧ ಮಿ.ಮೀ. ಆಚೀಚೆ ಕೊರೆದಿದ್ದರೆ, ಕೇಂದ್ರದಿಂದ 100 ಮಿ.ಮೀ. ದೂರದ ಗೆರೆಯಲ್ಲಿ ವೇಗ ಶೇ. 0.5ರಷ್ಟು ಏರಿಳಿಯುತ್ತದೆ, ಒಳಗೆ 60 ಮಿ.ಮೀ.ಗೆ ಬಂದಾಗ ಶೇ. 0.8 ದಾಟುತ್ತದೆ. ಎಳೆದ ಪಿಯಾನೊ ಸ್ವರ 1.8 ಸೆಕೆಂಡಿಗೊಮ್ಮೆ, ಅಂದರೆ ರೆಕಾರ್ಡಿನ ಸುತ್ತಿಗೊಮ್ಮೆ, ತೂಗಿದರೆ ಮೊದಲು ಅನುಮಾನಿಸಬೇಕಾದ್ದು ರೆಕಾರ್ಡನ್ನು. ರೆಕಾರ್ಡ್ ತಿರುಗುವಾಗ ಆರ್ಮ್ ಎಡಬಲಕ್ಕೆ ಓಲಾಡುತ್ತಿದೆಯೇ ನೋಡಿದರೆ ಗೊತ್ತಾಗಿಬಿಡುತ್ತದೆ.

ಬೆಲ್ಟ್ ಟರ್ನ್‌ಟೇಬಲ್ ಒಂದೇ ಸಮ ವೇಗವಾಗಿಯೋ ನಿಧಾನವಾಗಿಯೋ ಓಡುವುದು ಬೇರೆ ಸಮಸ್ಯೆ. 3150 ಹರ್ಟ್ಜ್ ಟೆಸ್ಟ್ ರೆಕಾರ್ಡ್ ಹಾಕಿ, ಫೋನಿನ ಆ್ಯಪ್‌ನಲ್ಲಿ ಅಳೆಯಿರಿ. 3160 ತೋರಿಸಿದರೆ ಶೇ. 0.3 ಹೆಚ್ಚು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಂಕಿ ಜಾರುತ್ತಲೇ ಇದ್ದರೆ ಬೆಲ್ಟಿಗೆ ಬೆರಳಿನ ಜಿಡ್ಡು ಅಂಟಿರಬಹುದು, ಇಲ್ಲವೇ ಬೆಲ್ಟ್ ಸಡಿಲಾಗಿರಬಹುದು. ಪುಲ್ಲಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಬೆಲ್ಟನ್ನು ಒಣ ಬಟ್ಟೆಯಿಂದ ಒರೆಸಿ ಮತ್ತೆ ಅಳೆಯಿರಿ.

ನಿಮಿಷಕ್ಕೆ 45 ಸುತ್ತಿನ ರೆಕಾರ್ಡ್ ಹೆಚ್ಚಿದ್ದರೆ ರೇಗಾ ಬೇಸರ ತರಿಸುತ್ತದೆ: ಪ್ರತಿ ಸಲ ಗಾಜಿನ ಪ್ಲ್ಯಾಟರ್ ಎತ್ತಿ ಬೆಲ್ಟ್ ಸರಿಸಬೇಕು, ಅಥವಾ ಗುಂಡಿಯಿಂದ ವೇಗ ಬದಲಿಸುವ ನಿಯೊ ಪವರ್ ಸಪ್ಲೈಯನ್ನು ಬೇರೆ ಕೊಳ್ಳಬೇಕು. ಇವೊದಲ್ಲಿ ಸ್ವಿಚ್ ಒತ್ತಿದರೆ ಸಾಕು. 78ಕ್ಕೆ ಮಾತ್ರ ಬೆಲ್ಟ್ ಬದಲಿಸಬೇಕು. ಟೆಕ್ನಿಕ್ಸ್‌ನಲ್ಲಿ 33, 45, 78 ಮೂರೂ ವೇಗ ಗುಂಡಿಯಲ್ಲೇ. ರೆಕಾರ್ಡ್ ಮುಗಿದಾಗ ಆರ್ಮನ್ನು ತಾನೇ ಎತ್ತುವುದೂ ಟೆಕ್ನಿಕ್ಸ್ ಒಂದೇ. ಕೇಳುತ್ತಾ ನಿದ್ದೆ ಹೋಗುವವರಿಗೆ ಇದೊಂದೇ ಸಾಕಾದ ಕಾರಣ.

ಆರ್ಮ್ ಒಳಕ್ಕೆ ಎಳೆದುಕೊಳ್ಳದಂತೆ ತಡೆಯುವ ಆ್ಯಂಟಿ-ಸ್ಕೇಟಿಂಗ್‌ಗೆ ಇವೊದಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ತೂಕವಿದೆ. ಕುಣಿಕೆ ಜಾರಿ ಬಿದ್ದರೂ ಹಾಡು ನಿಲ್ಲದ ಕಾರಣ ತಿಂಗಳುಗಟ್ಟಲೆ ಗೊತ್ತೇ ಆಗದು. ಬಲ ಚಾನೆಲ್‌ನಲ್ಲಿ ಮಾತ್ರ ‘ಸ’ಕಾರ ಹರಿದಂತೆ ಕೇಳಿದರೆ ಮೊದಲು ಅಲ್ಲಿ ನೋಡಿ.

ಫೋನೊ ಸ್ಟೇಜ್ ಟೆಕ್ನಿಕ್ಸ್ ಒಳಗೇ ಇದೆ, ಉಳಿದೆರಡಕ್ಕೆ ಬೇರೆ ಬೇಕು. ಇಲ್ಲಿ ಆಗುವ ತಪ್ಪುಗಳು ಎರಡು. ಫೋನೊ ಸ್ಟೇಜ್ ಇಲ್ಲದೆ ಆಂಪ್ಲಿಫೈಯರ್‌ಗೆ ಕೊಟ್ಟರೆ ಸದ್ದು ಕ್ಷೀಣ, ಮಂದ್ರವೇ ಇಲ್ಲ, ಏಕೆಂದರೆ ರೆಕಾರ್ಡ್ ಕೊರೆಯುವಾಗಲೇ ಆರ್‌ಐಎಎ ಎಂಬ ರೆಕಾರ್ಡ್ ಉದ್ಯಮದ ನಿಯಮದಂತೆ 20 ಹರ್ಟ್ಜ್‌ನ ಮಂದ್ರ ಸುಮಾರು 20 ಡೆಸಿಬಲ್ ತಗ್ಗಿರುತ್ತದೆ. ಟೆಕ್ನಿಕ್ಸ್‌ನ ಲೈನ್ ಔಟನ್ನು ಆಂಪ್ಲಿಫೈಯರ್‌ನ ಫೋನೊ ಕಿಂಡಿಗೆ ಸಿಕ್ಕಿಸಿದರೆ ಎರಡು ಸಲ ಹಿಗ್ಗಿ, ದಪ್ಪಗೆ ಒಡೆದ ಸದ್ದು.

ಇಷ್ಟೆಲ್ಲ ಸರಿ ಮಾಡಿದ ಮೇಲೆ ಒಂದೇ ಮುಳ್ಳಿನಲ್ಲಿ ಕೇಳಿದರೆ ಮೂರರ ನಡುವಿನ ಅಂತರ ಬಹಳ ಕುಗ್ಗುತ್ತದೆ. ಟೆಕ್ನಿಕ್ಸ್‌ನ ಮಂದ್ರ ಬಿಗಿ, ರೇಗಾ ಚುರುಕು, ಇವೊ ಎರಡರ ನಡುವೆ. ಅದೇ 2ಎಂ ರೆಡ್‌ನ ಮುಳ್ಳನ್ನು ಕಳಚಿ 2ಎಂ ಬ್ಲೂ ಮುಳ್ಳು ಸಿಕ್ಕಿಸಿದಾಗ ಆಗುವ ಬದಲಾವಣೆ ಇದಕ್ಕಿಂತ ದೊಡ್ಡದು. ಆದ್ದರಿಂದ ಕೈಯಲ್ಲಿ ಒಳ್ಳೆಯ ಫೋನೊ ಸ್ಟೇಜ್ ಇದ್ದರೆ ಇವೊ ಕೊಂಡು, ಉಳಿದ ಹಣ ಬ್ಲೂ ಮುಳ್ಳಿಗೆ ಹಾಕಿ. ಇಲ್ಲದಿದ್ದರೆ ಟೆಕ್ನಿಕ್ಸ್. ರೇಗಾವನ್ನು ಅದೇ ಕಂಪನಿಯ ಎಲಿಸ್ 2 ಕಾರ್ಟ್ರಿಜ್ ಜೊತೆಗೇ ಕೊಳ್ಳುವುದಾದರೆ ಒಂದು ಮಾತು: ಮೂರು ತಿರುಪಿನಿಂದ ಅದು ತಾನೇ ಸರಿಯಾದ ಜಾಗದಲ್ಲಿ ಕೂರುತ್ತದೆ, ಅಳತೆಯ ಗೋಜಿಲ್ಲ, ಆದರೆ ಮುಳ್ಳು ಸವೆದಾಗ ಅದೊಂದನ್ನೇ ಬದಲಿಸಲು ಬರುವುದಿಲ್ಲ, ಇಡೀ ಕಾರ್ಟ್ರಿಜ್ ಬದಲಿಸಬೇಕು.